ಜಮೈಕಾದ ಪೆಟ್ಟಿಗೆ, ಜರ್ಮನಿಯ ರೈಲು

ನ್ಯೂರೆಂಬರ್ಗ್: ತಂಗಿಯ ಮನೆ

ಗದಗಿಗೆ ಮರಳಿದ ಮೇಲೆ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಎಲ್ಲರೂ ಕೇಳಿದ್ದು ಕೋಟೆಗಳ ಬಗ್ಗೆ, ಹಿಮದ ಬಗ್ಗೆ, ಅಲ್ಲಿ ಜೋಳದ ರೊಟ್ಟಿ ಸಿಗುತ್ತದೋ ಇಲ್ಲವೋ ಎಂಬುದರ ಬಗ್ಗೆ. ಕೋಟೆಯನ್ನು ದೂರದಿಂದ ನೋಡಿದೆ. ಹಿಮ ಬೀಳುವ ಕಾಲ ಅದಾಗಿರಲಿಲ್ಲ. ಒಣಗಿಸಿದ ಕಟಕ ರೊಟ್ಟಿಯನ್ನು ನಾನೇ ಇಲ್ಲಿಂದ ಕಟ್ಟಿಕೊಂಡು ಹೋಗಿದ್ದೆ. ಆ ಪ್ರವಾಸದಲ್ಲಿ ನನ್ನ ಜೀವ ಬಾಯಿಗೆ ತಂದದ್ದು, ಆಮೇಲೆ ಹೊಟ್ಟೆ ತಣ್ಣಗೆ ಮಾಡಿದ್ದು ಒಂದು ಮರದ ಪೆಟ್ಟಿಗೆ. ಅದೂ ಜರ್ಮನಿಯದಲ್ಲ, ಜಮೈಕಾದ್ದು.

ನನ್ನ ತಂಗಿ ವಿದ್ಯಾ ನ್ಯೂರೆಂಬರ್ಗಿನಲ್ಲಿದ್ದಾಳೆ. ಅವಳ ಗಂಡ ಗಿರೀಶ್ ಬಾಗಲಕೋಟೆಯವರು. ಕಾರಿನ ಬಿಡಿಭಾಗ ಮಾಡುವ ಒಂದು ಕಂಪನಿಯಲ್ಲಿ ಎಂಜಿನಿಯರ್. ನಾನು ಹೋಗಿ ಇಳಿದ ದಿನ ಅವರ ಮನೆಯ ಹಾಲಿನಲ್ಲಿ ಈ ಪೆಟ್ಟಿಗೆ ಕೂತಿತ್ತು. ನಮ್ಮ ಕಡೆಯ ತಗಡಿನ ಟ್ರಂಕಿನಷ್ಟು ದೊಡ್ಡದು. ಮುಂಭಾಗದಲ್ಲಿ ದುಂಡನೆಯ ತೂತು, ಅದರ ಮೇಲೆ ಸಾಲಾಗಿ ಬಿಗಿದ ಲೋಹದ ಪಟ್ಟಿಗಳು. ವಿದ್ಯಾ ಅದರ ಮೇಲೆ ಕೂತು ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದಳು. ಚಪ್ಪಲಿ ಇಡುವ ಡಬ್ಬವಿರಬೇಕು ಎಂದುಕೊಂಡೆ. ಅವಳು ಏಳುತ್ತಲೇ ಗಿರೀಶ್ ಬಂದು ಅದರ ಮೇಲೆ ಕಾಲಗಲಿಸಿ ಕೂತರು. ಬಗ್ಗಿ ಕೈಗಳನ್ನು ಕಾಲುಗಳ ನಡುವೆ ಇಳಿಬಿಟ್ಟು ಪಟ್ಟಿಗಳನ್ನು ಮೀಟಿದರು. ಧುಂ ಎಂದಿತು. ಸದ್ದು ಕಿವಿಗೆ ಬರುವ ಮೊದಲೇ ಅಂಗಾಲಿಗೆ ಬಂತು.

“ಇದು ರುಂಬಾ ಬಾಕ್ಸ್ ರೀ ಅಕ್ಕಾರ. ಜಮೈಕಾದ ಮೆಂಟೊ ಮ್ಯೂಸಿಕ್ ಅಂತ ಐತಿ, ಅದಕ್ಕ ಇದ ಬೇಸ್,” ಎಂದರು.

“ವಾದ್ಯ ಅಂತೀರಿ, ಮತ್ತ ಅದರ ಮ್ಯಾಲೇ ಕುಂತೀರಲ್ಲ?”

“ಕುಂತೇ ಬಾರಸಬೇಕ್ರಿ. ಬ್ಯಾರೆ ದಾರಿ ಇಲ್ಲ.”

“ತಬಲಾಕ್ಕ ಕಾಲು ತಾಗಿತು ಅಂತ ನಿಮ್ಮ ಗುರುಗಳು ಕಿವಿ ಹಿಂಡಿದ್ದ ಕಥಿ ನೀವ ಹೇಳಿದ್ರಿ ನನಗ.”

“ಅಕ್ಕಾ, ಬಂದ ದಿನಾನ ಕ್ಲಾಸ್ ತಗೋಬ್ಯಾಡ,” ಎಂದಳು ವಿದ್ಯಾ.

ಕ್ಲಾಸ್ ತೆಗೆದುಕೊಳ್ಳುವುದು ನನ್ನ ಕಸುಬು. ಮೂವತ್ತು ವರ್ಷದಿಂದ ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಡುತ್ತಿದ್ದೇನೆ. ಶುಕ್ರವಾರದ ಭಜನೆಗೆ ಹಾರ್ಮೋನಿಯಂ ಹಿಡಿಯುತ್ತೇನೆ. ಹಾರ್ಮೋನಿಯಮ್ಮಿಗೆ ಸೀರೆಯ ಅಂಚು ತಾಗಿದರೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಜೀವ ನನ್ನದು. ಮರುದಿನದಿಂದ ನಾನು ಆ ಪೆಟ್ಟಿಗೆಯನ್ನು ಸುತ್ತುಹಾಕಿ ಓಡಾಡತೊಡಗಿದೆ. ವಿದ್ಯಾಳ ಬಾಲ್ಕನಿಯ ಕುಂಡದಿಂದ ದಿನಾ ಒಂದು ಹೂ ಕಿತ್ತು ಅದರ ಮೇಲಿಡುತ್ತಿದ್ದೆ. ಗಿರೀಶ್ ಆಫೀಸಿನಿಂದ ಬಂದವರು ಹೂವನ್ನು ಪಕ್ಕಕ್ಕಿಟ್ಟು ಕೂರುತ್ತಿದ್ದರು. ಇಬ್ಬರೂ ಹಟ ಬಿಡಲಿಲ್ಲ.

ಚರ್ಚಿನ ನೆಲಮಾಳಿಗೆ

ಶನಿವಾರ ಗಿರೀಶ್ ತಮ್ಮ ತಂಡದ ತಾಲೀಮಿಗೆ ನನ್ನನ್ನೂ ಕರೆದುಕೊಂಡು ಹೋದರು. ಮನೆಯಲ್ಲಿ ಮನಸ್ಸು ಬಂದಾಗ ಬಾರಿಸುವಂತಿಲ್ಲ. ಮಧ್ಯಾಹ್ನ ಒಂದಿಷ್ಟು ಹೊತ್ತು ‘ರೂಹೆಝೈಟ್’, ಅಂದರೆ ಎಲ್ಲರೂ ಗಪ್‌ಚುಪ್ ಇರಬೇಕಾದ ಸಮಯ. ಅದು ಗೊತ್ತಿಲ್ಲದೆ ನಾನೊಮ್ಮೆ ಕುಟ್ಟಾಣಿಯಲ್ಲಿ ಬೆಳ್ಳುಳ್ಳಿ ಜಜ್ಜಿದ್ದಕ್ಕೆ ಕೆಳಮನೆಯಾತ ಬಂದು ಬಾಗಿಲು ಬಡಿದಿದ್ದ. ಅವನು ಬಡಿದ ಸದ್ದು ನನ್ನ ಕುಟ್ಟಾಣಿಗಿಂತ ಜೋರಾಗಿತ್ತು. ಹೀಗಾಗಿ ಇವರ ತಾಲೀಮು ಒಂದು ಚರ್ಚಿನ ನೆಲಮಾಳಿಗೆಯಲ್ಲಿ ನಡೆಯುತ್ತದೆ.

ತಂಡದ ಹಿರಿಯರು ಡೆಲ್‌ರಾಯ್, ಎಪ್ಪತ್ತು ದಾಟಿದ ಜಮೈಕಾದ ಮನುಷ್ಯ. ಜರ್ಮನ್ ಹೆಂಡತಿಯ ಕೈಹಿಡಿದು ಈ ಊರಿಗೆ ಬಂದು, ಸಿಟಿ ಬಸ್ ಓಡಿಸಿ ನಿವೃತ್ತರಾದವರು. ಅವರ ಇಂಗ್ಲಿಷಿಗೆ ನನ್ನ ಕಿವಿ ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. ನನ್ನ ಇಂಗ್ಲಿಷಿಗೆ ಅವರದೂ ಅಷ್ಟೇ. ನನ್ನನ್ನು ಟೀಚರ್ ಎಂದೇ ಕರೆದರು.

ಮೆಂಟೊ ಎಂದರೆ ಏನೆಂದು ಕೇಳಿದೆ. ಬಾಯಲ್ಲಿ ಹೇಳುವ ಬದಲು ಬ್ಯಾಂಜೊ ಎತ್ತಿಕೊಂಡರು. ಮೈಕು ಬೇಡ, ಕರೆಂಟು ಬೇಡ, ಹಳ್ಳಿಯವರು ಕೂಡಿ ಕಟ್ಟಿಕೊಂಡ ಸಂಗೀತ ಅದು. ಬ್ಯಾಂಜೊ, ಗಿಟಾರು, ಬಿದಿರಿನಿಂದ ಮಾಡಿದ ಸ್ಯಾಕ್ಸೋಫೋನು, ಕಾಳು ತುಂಬಿದ ಬುರುಡೆ, ಎಲ್ಲದರ ತಳದಲ್ಲಿ ಈ ಪೆಟ್ಟಿಗೆಯ ಧುಂ ಧುಂ. ಜಗತ್ತೇ ಕುಣಿಯುವ ರೆಗೆ ಹುಟ್ಟುವುದಕ್ಕೂ ಮುಂಚಿನದು. ಹಾಡುಗಳಲ್ಲಿ ದೊಡ್ಡ ಸಂಗತಿಯೇನೂ ಇಲ್ಲ. ಯಾರದೋ ಕೋಳಿ ಕಳುವಾದದ್ದು, ಹೊಸ ಸೊಸೆಯ ಅಡುಗೆ ತಳ ಹತ್ತಿದ್ದು, ಸಂತೆಗೆ ಹೋದ ಗಂಡ ಬೇರೆಯವರ ಕತ್ತೆ ಹತ್ತಿ ಬಂದದ್ದು. ಒಬ್ಬರು ಕಾಲೆಳೆಯುವ ಸಾಲು ಎಸೆದರೆ ಉಳಿದವರು ಅದನ್ನು ಹಿಡಿದು ಎತ್ತುತ್ತಾರೆ. ನಮ್ಮ ಗೀಗೀ ಮೇಳದವರು ತುಂತುಣಿ ಕೆಳಗಿಟ್ಟು ಬ್ಯಾಂಜೊ ಹಿಡಿದಿದ್ದರೆ ಹೀಗೇ ಇರುತ್ತಿತ್ತು. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಕೈ ತಾನಾಗಿ ತಾಳ ಹಾಕುತ್ತಿತ್ತು.

ಬಿಡುವಿನಲ್ಲಿ ಡೆಲ್‌ರಾಯ್ ಪೆಟ್ಟಿಗೆಯ ಕಥೆ ಹೇಳಿದರು. ಅವರ ತಂದೆ ಬಂದರಿನಲ್ಲಿ ಬಿದ್ದಿದ್ದ ಸಾಮಾನಿನ ಪೆಟ್ಟಿಗೆಯ ಹಲಗೆ ತಂದು, ಕೆಟ್ಟ ಗಡಿಯಾರಗಳ ಸ್ಪ್ರಿಂಗ್ ಕತ್ತರಿಸಿ ಪಟ್ಟಿ ಮಾಡಿ, ತಾವೇ ಕೂಡಿಸಿದ್ದಂತೆ. ಅವರು ಮಾಡಿದ ಪೆಟ್ಟಿಗೆಗಳಲ್ಲಿ ಉಳಿದದ್ದು ಇದೊಂದೇ. ಮೊಣಕಾಲು ಮಾತು ಕೇಳದಾದಾಗ ಡೆಲ್‌ರಾಯ್ ಇಷ್ಟು ತಗ್ಗಿನಲ್ಲಿ ಕೂರುವುದನ್ನು ಬಿಟ್ಟರು, ಆದರೆ ಪೆಟ್ಟಿಗೆಯನ್ನು ಯಾರ ಕೈಗೂ ಕೊಡಲಿಲ್ಲ. ನಿವೃತ್ತರಾದ ಮೇಲೆ ಒಂದು ದಿನ ಬಸ್ಸಿನಲ್ಲಿ ಹೋಗುವಾಗ ಪಕ್ಕದ ಸೀಟಿನ ಹುಡುಗ ಕಂಬಿಯ ಮೇಲೆ ಬೆರಳಾಡಿಸುವುದನ್ನು ಕೇಳಿ ಅವನ ಜೊತೆಗೇ ಇಳಿದರಂತೆ. ಆ ಹುಡುಗ ನಮ್ಮ ಗಿರೀಶ್.

ಮನೆಗೆ ಬರುವಾಗ ವಿದ್ಯಾ ಮೆಲ್ಲಗೆ ಹೇಳಿದಳು. “ಇಲ್ಲಿಗೆ ಬಂದ ಮ್ಯಾಲೆ ಇವರು ಒಟ್ಟ ನಗೋದ ಬಿಟ್ಟಿದ್ರು ಅಕ್ಕಾ. ಆಫೀಸು, ಮನಿ, ಕಿಟಕಿ. ಈ ಪೆಟಗಿ ಬಂದ ಮ್ಯಾಲೆ ಮನಷ್ಯಾರಾದ್ರು. ಅದಕ್ಕ ನಾ ಏನೂ ಅನ್ನಂಗಿಲ್ಲ.”

ಅಂದಿನಿಂದ ನಾನೂ ಏನೂ ಅನ್ನಲಿಲ್ಲ. ಹೂ ಇಡುವುದನ್ನು ಮಾತ್ರ ನಿಲ್ಲಿಸಲಿಲ್ಲ.

ರೈಲಿನೊಳಗೆ

ಮುಂದಿನ ವಾರದ ಭಾನುವಾರ ಬೈರಾಯ್ಟ್ ಎಂಬ ಊರಿನ ಬೀದಿ ಹಬ್ಬದಲ್ಲಿ ಇವರ ಹಾಡು. ಡೆಲ್‌ರಾಯ್ ಕಾರಿನಲ್ಲಿ ಉಳಿದ ವಾದ್ಯಗಳು, ಉಳಿದ ಜನ, ಜೊತೆಗೆ ಎರಡು ಡಬ್ಬಿ ಚುರುಮುರಿ ಹಿಡಿದ ವಿದ್ಯಾ ತುಂಬಿಕೊಂಡರು. ಪೆಟ್ಟಿಗೆಗೆ ಜಾಗ ಸಾಲಲಿಲ್ಲ. ಅದನ್ನು ಗಿರೀಶ್ ಮತ್ತು ನಾನು ರೈಲಿನಲ್ಲಿ ತರುವುದೆಂದಾಯಿತು. ಡೆಲ್‌ರಾಯ್ ಕಾರು ಹತ್ತುವ ಮುಂಚೆ ಪೆಟ್ಟಿಗೆಯ ನೆತ್ತಿ ತಟ್ಟಿ, “ಟೀಚರ್ ಇದ್ದಾರಲ್ಲ, ಚಿಂತೆಯಿಲ್ಲ,” ಎಂದರು.

ರೈಲಿನ ತುಂಬ ಫುಟ್‌ಬಾಲ್ ಪಂದ್ಯಕ್ಕೆ ಹೊರಟವರು. ಎಲ್ಲರ ಕೊರಳಿಗೂ ಒಂದೇ ಬಣ್ಣದ ಶಾಲು, ಎಲ್ಲರ ಕೈಯಲ್ಲೂ ಬಿಯರ್ ಬಾಟಲಿ. ಗಿರೀಶ್‌ಗೆ ಒಳಗೆಲ್ಲೋ ಒಂದು ಸೀಟು ಸಿಕ್ಕಿತು. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ, ಕಣ್ಣು ಮುಚ್ಚಿ, ಅಂದಿನ ಹಾಡುಗಳನ್ನು ತೊಡೆಯ ಮೇಲೆ ಬಾರಿಸಿಕೊಳ್ಳತೊಡಗಿದರು. ನನಗೆ ಬಾಗಿಲ ಹತ್ತಿರದ ಮಡಚುವ ಸೀಟು. ಪೆಟ್ಟಿಗೆ ನನ್ನ ಎದುರಿಗೆ.

ಮೊದಲು ಒಬ್ಬ ಅದರ ಮೇಲೆ ಬಾಟಲಿ ಇಟ್ಟ. ಎತ್ತಿ ಅವನ ಕೈಗೆ ಕೊಟ್ಟೆ. ಸಾರಿ ಎಂದ. ಇನ್ನೊಬ್ಬನ ನಾಯಿ ಬಂದು ಮೂಸಿ, ಕಾಲೆತ್ತುವ ಯೋಚನೆ ಮಾಡಿತು. ಅದನ್ನೂ ಗದರಿಸಿದೆ; ಕನ್ನಡದಲ್ಲೇ, ಅರ್ಥವಾಯಿತು. ಆಮೇಲೆ ಬಾಗಿಲಿಗಿಂತ ಎತ್ತರದ ಒಬ್ಬ ಮಣ್ಣು ಮೆತ್ತಿದ ಬೂಟುಗಾಲನ್ನು ನೇರ ಅದರ ನೆತ್ತಿಯ ಮೇಲಿಟ್ಟು ಆರಾಮಾಗಿ ಒರಗಿದ. ಕಾಲು ತೋರಿಸಿ, ಪೆಟ್ಟಿಗೆ ತೋರಿಸಿ, ಎರಡೂ ಕೈ ಮುಗಿದೆ. ಪಾಪ, ಅವನು ಕೆಂಪಾದ. ಕಾಲು ತೆಗೆದು, ಬೇರೆಲ್ಲಾದರೂ ಇಡಬೇಕೇ ಎಂದು ಸನ್ನೆಯಲ್ಲಿ ಕೇಳಿದ. ಆಗಲೇ ಒಂದು ಸ್ಟೇಶನ್ ಬಂತು, ಬಾಗಿಲು ತೆರೆಯಿತು. ಪಕ್ಕದ ಡಬ್ಬಿಯಲ್ಲಿ ಸೈಕಲ್ ನಿಲ್ಲಿಸುವ ಜಾಗ ಖಾಲಿ ಇದ್ದದ್ದು ಕಂಡಿತು. ಅತ್ತ ಬೆರಳು ತೋರಿಸಿದೆ. ಅವನು ಪೆಟ್ಟಿಗೆಯನ್ನು ಮಗುವಿನಂತೆ ಎತ್ತಿ, ಪ್ಲಾಟ್‌ಫಾರ್ಮಿಗೆ ಇಳಿದು, ಪಕ್ಕದ ಬಾಗಿಲಿನಿಂದ ಹತ್ತಿ ಅಲ್ಲಿಟ್ಟ. ನಾನೂ ಅವನ ಹಿಂದೆಯೇ ಹೋದೆ. ಒಳಗಿನಿಂದ ಒಳಗೇ ಹೋಗಲು ದಾರಿ ಇರಲಿಲ್ಲ. ಯಾಕಿಲ್ಲ ಎಂದು ಆಗ ನನಗೆ ಹೊಳೆಯಲಿಲ್ಲ.

ಅಲ್ಲಿ ಸೈಕಲ್ಲಿನ ಜೊತೆ ಒಬ್ಬ ಅಜ್ಜಿ ನಿಂತಿದ್ದರು. ಹಸಿರು ಜರ್ಕಿನ್ನು, ಕತ್ತರಿಸಿದ ಬಿಳಿಗೂದಲು. ನಾನು ಸೆರಗಿನಿಂದ ಪೆಟ್ಟಿಗೆಯ ಮಣ್ಣೊರೆಸಿ, ಅಜ್ಜಿಗೆ ಕೈ ಮುಗಿದು, “ಸ್ವಲ್ಪ ನೋಡ್ಕೊಳ್ರಿ ಅವ್ವಾ, ಇಲ್ಲೇ ಅದೀನಿ,” ಎಂದು ಪಕ್ಕದ ಡಬ್ಬಿ ತೋರಿಸಿದೆ. ಹುಬ್ಬಳ್ಳಿ ಗಾಡಿಯಲ್ಲಿ ಎಷ್ಟು ಸಲ ಹೀಗೆ ಹೇಳಿ ಚಹಾಕ್ಕೆ ಇಳಿದಿಲ್ಲ ನಾನು! ಅಜ್ಜಿ ನನ್ನ ಮುಖ ನೋಡಿದರು, ಪೆಟ್ಟಿಗೆ ನೋಡಿದರು, ತಲೆಯಾಡಿಸಿದರು. ಪಾಸ್‌ಪೋರ್ಟ್ ಇದ್ದ ಚೀಲ ನನ್ನ ಸೀಟಿನ ಕೆಳಗಿತ್ತು. ಓಡಿಬಂದು ನಮ್ಮ ಡಬ್ಬಿ ಹತ್ತಿದೆ. ಗಿರೀಶ್ ಬಳಿ ಹೋಗಿ ಪೆಟಗಿ ಆ ಕಡೆ ಇಟ್ಟೇನಿ ಎಂದೆ. ಅವರು ಕಣ್ಣು ತೆರೆದು ತಲೆಯಾಡಿಸಿ ಮತ್ತೆ ಕಣ್ಣು ಮುಚ್ಚಿದರು. ಹೆಡ್‌ಫೋನ್ ಕಿವಿಯಲ್ಲೇ ಇತ್ತು.

ಪೆಗ್ನಿಟ್ಸ್

ಪೆಗ್ನಿಟ್ಸ್ ಎಂಬಲ್ಲಿ ರೈಲು ಸ್ವಲ್ಪ ಜಾಸ್ತಿ ಹೊತ್ತು ನಿಂತಿತು. ಏನೋ ಘೋಷಣೆ ಆಯಿತು. ಫುಟ್‌ಬಾಲಿನವರಲ್ಲಿ ಕೆಲವರು ಇಳಿದು ಓಡಿ ಹಿಂದಿನ ಡಬ್ಬಿಗೆ ಹತ್ತಿದರು, ಜಾಗಕ್ಕಾಗಿ ಎಂದುಕೊಂಡೆ. ರೈಲು ಹೊರಟಿತು. ಗಿರೀಶ್ ಹೆಡ್‌ಫೋನ್ ತೆಗೆದು, ಮೈಮುರಿದು, ನನ್ನ ಬಳಿ ಬಂದರು.

“ಅಕ್ಕಾರ, ಪೆಟಗಿ ಎಲ್ಲೈತ್ರಿ?”

“ಹಿಂದಿನ ಡಬ್ಬ್ಯಾಗ. ಹೇಳಿದ್ನಲ್ಲ ನಿಮಗ.”

“ಯಾವ ಹಿಂದಿನ ಡಬ್ಬಿ?”

“ಇದ, ಇದರ ಹಿಂದಿಂದು.”

ಗಿರೀಶ್ ಮುಖ ಬಿಳಿಚಿಕೊಂಡಿತು. “ಇದರ ಹಿಂದ ಡಬ್ಬಿ ಇಲ್ರಿ ಅಕ್ಕಾರ. ಪೆಗ್ನಿಟ್ಸ್‌ನ್ಯಾಗ ಟ್ರೇನ್ ಎರಡ ತುಂಡ ಆಗ್ತೈತಿ. ಅದು ಬ್ಯಾರೆ ಊರಿಗೆ ಹೋತು.”

ಗುಂತಕಲ್ಲಿನಲ್ಲಿ ಬೋಗಿ ಕಳಚಿದರೆ ಇಡೀ ಸ್ಟೇಶನ್ನಿಗೆ ಗೊತ್ತಾಗುತ್ತದೆ. ಎಂಜಿನ್ ಅತ್ತ ಹೋಗುತ್ತದೆ, ಇತ್ತ ಬರುತ್ತದೆ, ಮಲಗಿದ್ದವರು ಬರ್ತಿನಿಂದ ಬೀಳುವ ಹಾಗೆ ಧಡ್ ಎನ್ನುತ್ತದೆ, ಅಷ್ಟರಲ್ಲಿ ನಾವು ಇಡ್ಲಿ ತಿಂದು ಕೈ ತೊಳೆದಿರುತ್ತೇವೆ. ಇಲ್ಲಿ ಒಂದು ಸದ್ದಿಲ್ಲ, ಒಂದು ಜೋಲಿಯಿಲ್ಲ. ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಅರ್ಧ ರೈಲನ್ನೇ ತೆಗೆದುಬಿಟ್ಟಿದ್ದರು.

“ಒಬ್ಬ ಅಜ್ಜಿಗೆ ನೋಡ್ಕೊಳ್ರಿ ಅಂತ ಹೇಳೇನಿ,” ಎಂದೆ.

“ಯಾವ ಭಾಷಾದಾಗ?”

“ಕನ್ನಡದಾಗ.”

ಗಿರೀಶ್ ತಲೆಯ ಮೇಲೆ ಕೈಯಿಟ್ಟುಕೊಂಡರು. “ಇಲ್ಲೆ ಯಾರೂ ಯಾರ ಸಾಮಾನೂ ನೋಡ್ಕೊಳ್ಳಂಗಿಲ್ರಿ. ಒಂದ ಪೆಟಗಿ ಅನಾಥ ಬಿದ್ದದ್ದು ಕಂಡ್ರ ಟ್ರೇನ್ ನಿಲ್ಲಿಸಿ ಪೊಲೀಸ್ ಕರೀತಾರ. ಒಳಗ ನೋಡಿದ್ರ ಕಬ್ಬಿಣದ ಪಟ್ಟಿ. ಬಾಂಬ್ ಅಂತ ಒಡದ ಹಾಕ್ತಾರ್ರಿ!”

ಬೇರೆಯವರ ತಂದೆ ಕೈಯಾರೆ ಮಾಡಿದ ಪೆಟ್ಟಿಗೆ. ಅದನ್ನು ಒಡೆಯುವುದು ನನ್ನ ಕಣ್ಣ ಮುಂದೆಯೇ ನಡೆದಂತಾಯಿತು. ಅದು ಹೋದರೆ ಗಿರೀಶರ ನಗುವೂ ಹೋದಂತೆ. ತಂಗಿಯ ಮುಖ ಹೇಗೆ ನೋಡಲಿ? ಬೂಟು ತಾಗಿದರೆ ತಾಗಲಿ ಎಂದು ಸುಮ್ಮನಿದ್ದಿದ್ದರೆ ಅದು ಎದುರಿಗೇ ಇರುತ್ತಿತ್ತು. ನನಗೆ ಅಳು ಬಂತು, ನಾಚಿಕೆಯಿಲ್ಲದೆ ಅತ್ತೆ.

ಟಿಕೆಟ್ ನೋಡುವ ಹೆಂಗಸು ಬಂದಳು. ಗಿರೀಶ್ ಜರ್ಮನ್ನಿನಲ್ಲಿ ಗಡಬಡಿಸಿ ಹೇಳಿದರು. ಆಕೆ ಇನ್ನೊಂದು ತುಂಡಿನ ಟಿಕೆಟ್ ತಪಾಸಣೆಯವನಿಗೆ ಫೋನ್ ಮಾಡಿದಳು. ಮಾತಾಡಿ, ಭುಜ ಕುಣಿಸಿದಳು. ಅನಾಥ ಪೆಟ್ಟಿಗೆ ಯಾವುದೂ ಇಲ್ಲವಂತೆ. ಒಂದು ಮರದ ಪೆಟ್ಟಿಗೆ ಇದೆಯಂತೆ, ಆದರೆ ಒಬ್ಬ ಹೆಂಗಸು ಅದು ತನ್ನದು ಎನ್ನುತ್ತಿದ್ದಾಳಂತೆ.

“ಹೋತು,” ಎಂದರು ಗಿರೀಶ್. “ತನ್ನದ ಅಂತ ಹೇಳಿಬಿಟ್ಲು.”

ಬೆಟ್ಟದ ನಡುವೆ ಫೋನ್ ಕಡಿಯಿತು. ಮತ್ತೆ ಹತ್ತಿದಾಗ ಬಂದ ಸುದ್ದಿ ಇನ್ನೂ ಕೆಟ್ಟದ್ದು. ಆ ಹೆಂಗಸು ಕಿರ್ಷನ್‌ಲೈಬಾಖ್ ಎಂಬ ಸ್ಟೇಶನ್ನಿನಲ್ಲಿ ಪೆಟ್ಟಿಗೆ ಸಮೇತ ಇಳಿದುಬಿಟ್ಟಿದ್ದಳು.

ಬೈರಾಯ್ಟ್

ಪ್ಲಾಟ್‌ಫಾರ್ಮಿನಲ್ಲಿ ಡೆಲ್‌ರಾಯ್ ನಿಂತಿದ್ದರು. ಪೆಟ್ಟಿಗೆಗೆ ಕೈ ಹಚ್ಚಲು ಬಂದವರು ನಮ್ಮ ಖಾಲಿ ಕೈ ನೋಡಿದರು. ಗಿರೀಶ್ ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ, ತಪ್ಪು ನನ್ನದು ಎಂದು. ಬೂಟು, ಬಿಯರು, ಅಜ್ಜಿ, ತುಂಡಾದ ರೈಲು, ಎಲ್ಲವನ್ನೂ ನನ್ನ ಹರಕು ಇಂಗ್ಲಿಷಿನಲ್ಲಿ ಒಪ್ಪಿಸಿದೆ.

ಅವರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಬೆಂಚಿನ ಮೇಲೆ ಕೂತು ಮೊಣಕಾಲು ನೀವಿಕೊಂಡರು.

“ಆ ಅಜ್ಜಿ ನಿಮಗೆ ತಲೆಯಾಡಿಸಿದರೇ?” ಎಂದು ಕೇಳಿದರು.

“ಆಡಿಸಿದರು.”

“ಹಾಗಾದರೆ ನಡೆಯಿರಿ,” ಎಂದು ಎದ್ದರು. ಕಿರ್ಷನ್‌ಲೈಬಾಖ್‌ಗೆ ಹೋಗುವ ಗಾಡಿ ಎದುರಿನ ‘ಗ್ಲೈಸ್’ನಲ್ಲೇ, ಅಂದರೆ ಹಳಿಯಲ್ಲೇ, ನಿಂತಿತ್ತು. ಹಬ್ಬದ ಜಾಗದಲ್ಲಿದ್ದ ವಿದ್ಯಾಳಿಗೆ ಗಿರೀಶ್ ಫೋನ್ ಮಾಡಿ ತಡವಾಗುತ್ತದೆ ಎಂದಷ್ಟೇ ಹೇಳಿದರು. ಮೂವರೂ ಆ ಗಾಡಿ ಹತ್ತಿದೆವು. ಹೊರಗೆ ಗೋಧಿ ಹೊಲ, ಸೂರ್ಯಕಾಂತಿ ಹೊಲ, ಅಚ್ಚುಕಟ್ಟಾದ ಊರುಗಳು ಹೋಗುತ್ತಿದ್ದವು. ನಾನು ನಮ್ಮೂರ ವೀರನಾರಾಯಣನಿಗೆ ಹರಕೆ ಹೊತ್ತೆ. ಏನು ಕೊಡುತ್ತೇನೆಂದು ಹೇಳಿದೆನೋ ನೆನಪಿಲ್ಲ, ದೊಡ್ಡದನ್ನೇ ಹೇಳಿರಬೇಕು.

ಕಿರ್ಷನ್‌ಲೈಬಾಖ್

ಸಣ್ಣ ಸ್ಟೇಶನ್ನು. ಪ್ಲಾಟ್‌ಫಾರ್ಮಿನಲ್ಲಿ ನರಪಿಳ್ಳೆಯಿಲ್ಲ ಎಂದುಕೊಳ್ಳುವಷ್ಟರಲ್ಲಿ ಆ ತುದಿಯಲ್ಲಿ ಹಸಿರು ಕಂಡಿತು. ಕಂಬಕ್ಕೆ ಸೈಕಲ್ ಒರಗಿಸಿ, ನಮ್ಮ ಪೆಟ್ಟಿಗೆಯ ಮೇಲೆ ಕಾಲಗಲಿಸಿ ಗಟ್ಟಿಯಾಗಿ ಕೂತು, ಆ ಅಜ್ಜಿ ಚಾಕುವಿನಲ್ಲಿ ಸೇಬು ಹೆಚ್ಚಿಕೊಂಡು ತಿನ್ನುತ್ತಿದ್ದರು.

ನನ್ನನ್ನು ಕಂಡು ಚಾಕು ಎತ್ತಿ ಬೀಸಿದರು. ಏಳಲಿಲ್ಲ. ನಾನು ಹತ್ತಿರ ಹೋಗಿ ಮುಟ್ಟಿ ನೋಡುವ ತನಕ ಏಳಲಿಲ್ಲ.

ಅಜ್ಜಿ ಹೇಳಿದ್ದನ್ನು ಗಿರೀಶ್ ನಗುತ್ತ, ಕಣ್ಣೊರೆಸಿಕೊಳ್ಳುತ್ತ ನನಗೆ ದಾಟಿಸಿದರು. “ಟ್ರೇನ್ ತುಂಡಾದ ಮ್ಯಾಲೆ ನೀವು ಬರಲಿಲ್ಲ ಅಂತ ಇವ್ರಿಗೆ ಗೊತ್ತಾತಂತ್ರಿ. ಟಿಕೆಟಿನವ ಬಂದು ಇದ್ಯಾರದು ಅಂದ. ಯಾರದೂ ಅಲ್ಲ ಅಂದ್ರ ಪೊಲೀಸ್ ಕರೀತಾನ. ಅದಕ್ಕ ನಂದು ಅಂತ ಹೇಳಿ, ನಂದು ಅಂತ ಅವ ನಂಬಲಿ ಅಂತ ಮ್ಯಾಲೆ ಕುಂತಬಿಟ್ರಂತ. ಪೆಗ್ನಿಟ್ಸ್‌ನ್ಯಾಗ ತಪ್ಪಿದವರು ಬೈರಾಯ್ಟ್‌ಗೆ ಹೋಗಿ ಇಲ್ಲೇ ಹೊಳ್ಳಿ ಬರಬೇಕು, ಬ್ಯಾರೆ ಹಾದಿ ಇಲ್ಲ ಅಂತ ಇಲ್ಲಿಳಿದು ಕುಂತಾರ. ಮಾರ್ಕ್ಟ್‌ರೆಡ್ವಿಟ್ಸ್‌ನ್ಯಾಗ ಅವರ ತಂಗಿ ಕಾಫಿ ಇಟ್ಕೊಂಡು ಕಾಯಾಕತ್ಯಾರಂತ.”

ಅಷ್ಟರಲ್ಲಿ ನನ್ನ ಕಣ್ಣು ಡೆಲ್‌ರಾಯ್ ಮೇಲೆ ಬಿತ್ತು. ಅವರು ದೂರದಲ್ಲೇ ನಿಂತುಬಿಟ್ಟಿದ್ದರು. ಟೋಪಿ ತೆಗೆದು ಎದೆಗೊತ್ತಿಕೊಂಡಿದ್ದರು.

“ನನ್ನ ಅಮ್ಮ ಹೀಗೇ ಕೂರುತ್ತಿದ್ದಳು ಟೀಚರ್,” ಎಂದರು. “ಕುಣಿತದ ನಡುವೆ ಅಪ್ಪ ಊಟಕ್ಕೋ ನೀರಿಗೋ ಎದ್ದರೆ ಅವಳು ಬಂದು ಪೆಟ್ಟಿಗೆಯ ಮೇಲೆ ಕೂರುವಳು. ನಮ್ಮೂರಲ್ಲಿ ಪೆಟ್ಟಿಗೆಯನ್ನು ಖಾಲಿ ಬಿಡುವುದಿಲ್ಲ. ಯಾರಾದರೊಬ್ಬರು ಮೇಲೆ ಇರಲೇಬೇಕು. ಅದು ಮನೆಯವರ ಕೆಲಸ.”

ನಾನು ದಿನಾ ಹೂ ಇಟ್ಟು ದೂರ ಸರಿಯುತ್ತಿದ್ದೆ. ಯಾರೂ ಮುಟ್ಟದ, ಯಾರೂ ಕೂರದ ಜಾಗ ಹುಡುಕಿ ಅದನ್ನು ಇಟ್ಟುಬಂದಿದ್ದೆ. ಗುರುತು ಪರಿಚಯವಿಲ್ಲದ ಈ ಅಜ್ಜಿ ಅದರ ಮೇಲೆ ಕೂತೇ ಅದನ್ನು ಉಳಿಸಿದ್ದರು. ಅವರ ಎರಡೂ ಕೈ ಹಿಡಿದುಕೊಂಡೆ. ಸೇಬಿನ ರಸದಿಂದ ಅಂಟಾಗಿದ್ದವು. ಚೀಲದಲ್ಲಿದ್ದ ಅಮೀನಗಡದ ಕರದಂಟಿನ ಪೊಟ್ಟಣ ಪೂರ್ತಿ ಅವರ ಮಡಿಲಿಗೆ ಹಾಕಿದೆ. ಒಂದು ತುಂಡು ಅಲ್ಲೇ ಕಡಿದು, ಗಟ್ಟಿ ಎಂದು ಹಲ್ಲು ತೋರಿಸಿ ನಕ್ಕು, ಉಳಿದದ್ದನ್ನು ತಂಗಿಗೆಂದು ಜರ್ಕಿನ್ನಿನ ಜೇಬಿಗಿಟ್ಟುಕೊಂಡರು. ಅವರ ಗಾಡಿ ಮೊದಲು ಬಂತು. ಸೈಕಲ್ ಏರಿಸಿ, ಬಾಗಿಲಲ್ಲಿ ನಿಂತು, ನಾನು ಬೆಳಗ್ಗೆ ಮಾಡಿದಂತೆಯೇ ಎರಡೂ ಕೈ ಮುಗಿದರು.

ವಾಪಸು ಬರುವಾಗ ಡೆಲ್‌ರಾಯ್ ತಾವೇ ಪೆಟ್ಟಿಗೆಯ ಮೇಲೆ ಕೂತರು. ಮೊಣಕಾಲು ನೋಯುತ್ತದೆ, ಸೀಟಿಗೆ ಬನ್ನಿ ಎಂದು ಗಿರೀಶ್ ಎಷ್ಟು ಹೇಳಿದರೂ ಕೇಳಲಿಲ್ಲ.

ಬೀದಿ ಹಬ್ಬ

ತಡವಾಗಿಯೇ ಶುರುವಾಯಿತು. ಜರ್ಮನ್ನರು ಗಡಿಯಾರ ನೋಡಿಕೊಂಡರು, ಆದರೆ ಯಾರೂ ಎದ್ದು ಹೋಗಲಿಲ್ಲ. ಮೊದಲ ಧುಂ ಬಿದ್ದಾಗ ನನ್ನ ಅಂಗಾಲಿಗೆ ಅದು ಗೊತ್ತಾಯಿತು. ಬ್ಯಾಂಜೊ ಕುಣಿಯಿತು, ಬಿದಿರು ಕೂಗಿತು. ಕೋಳಿ ಕಳೆದುಕೊಂಡವಳ ಹಾಡಿಗೆ ಡೆಲ್‌ರಾಯ್ ಹೊಸದೊಂದು ಸಾಲು ಸೇರಿಸಿದರು: ಟೀಚರಮ್ಮ ರೈಲು ಹತ್ತಿದಳು, ಅರ್ಧ ರೈಲು ಕಳೆದುಕೊಂಡಳು. ಎಲ್ಲರೂ ನನ್ನ ಕಡೆ ತಿರುಗಿ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕದ್ದು ಗಿರೀಶ್. ವಿದ್ಯಾಳಿಗೆ ಆಗ ಕಥೆಯೆಲ್ಲ ಗೊತ್ತಾಯಿತು. “ಅಯ್ಯ ನಮ್ಮಕ್ಕನ!” ಎಂದು ನನ್ನ ತೋಳು ಚಿವುಟಿದಳು.

ಮೊದಲ ಸುತ್ತು ಮುಗಿಯಿತು. ಗಿರೀಶ್ ನೀರು ಕುಡಿಯಲು ಎದ್ದುಹೋದರು. ವೇದಿಕೆಯ ಮೇಲೆ ಪೆಟ್ಟಿಗೆ ಒಂದೇ ಉಳಿಯಿತು.

ಯಾರೂ ನನಗೆ ಹೇಳಲಿಲ್ಲ. ಚಪ್ಪಲಿ ಕೆಳಗೆ ಬಿಟ್ಟು ವೇದಿಕೆ ಹತ್ತಿದೆ. ಹಲಗೆ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಸೆರಗು ಸೊಂಟಕ್ಕೆ ಸಿಗಿಸಿ ಅದರ ಮೇಲೆ ಕೂತೆ. ಬಿಸಿಲಿಗೆ ಹಲಗೆ ಬೆಚ್ಚಗಿತ್ತು. ಎದುರಿಗೆ ಡೆಲ್‌ರಾಯ್ ಬ್ಯಾಂಜೊದ ತಂತಿ ಬಿಗಿ ಮಾಡುತ್ತಿದ್ದವರು ತಲೆಯೆತ್ತಿ ನೋಡಿ, ಮತ್ತೆ ತಂತಿಗೆ ಬಗ್ಗಿದರು. ಗಿರೀಶ್ ಬಾಯಿ ಒರೆಸಿಕೊಳ್ಳುತ್ತ ಬಂದು, “ಅಕ್ಕಾರ, ಏಳ್ರಿನ್ನ, ಶುರು ಮಾಡಬೇಕು,” ಎನ್ನುವ ತನಕ ನಾನು ಅಲ್ಲಿಂದ ಕದಲಲಿಲ್ಲ.